ಕಡೆಯ ಸಾಲಿಗೆ ಒಲ್ಲೆನೆಂದ ಕೈ

ಬೆಳಗಿನ ಐದು ಗಂಟೆ. ಕಬ್ಬಿನ ಹೊಲಗಳ ತಂಪು ಮಸಗುಪ್ಪಿಯ ಓಣಿಗಳನ್ನು ಇನ್ನೂ ಬಿಟ್ಟಿಲ್ಲ. ಹಟ್ಟಿಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿವೆ. ಪಡಸಾಲೆಯ ಬಲ್ಬಿನ ಕೆಳಗೆ ಸಾವಿತ್ರವ್ವ ಆಗಲೇ ರಾಟಿಯ ಮುಂದೆ ಕೂತಾಗಿದೆ. ಬಲಗಾಲು ಮಡಚಿದ್ದಾರೆ, ನೋಯುವ ಎಡಗಾಲನ್ನು ಉದ್ದಕ್ಕೆ ಚಾಚಿದ್ದಾರೆ. ಬಲಗೈ ಚಕ್ರ ತಿರುಗಿಸುತ್ತಿದೆ. ಎಡಗೈಯಲ್ಲಿರುವ ಉಣ್ಣೆಯ ಹಂಜಿ ಮೆಲ್ಲಗೆ ಹಿಂದಕ್ಕೆ ಸರಿಯುತ್ತ ಭುಜದ ಮಟ್ಟಕ್ಕೆ ಏರುತ್ತದೆ, ಅಲ್ಲಿಂದ ಎಳೆಯಾಗಿ ಇಳಿದು ಕದರಿಗೆ ಸುತ್ತಿಕೊಳ್ಳುತ್ತದೆ. ಅವರ ಕಣ್ಣು ಮಾತ್ರ ನೂಲಿನ ಮೇಲಿಲ್ಲ, ಬಾಗಿಲಾಚೆ ಬೆಳಕು ಮೂಡುವ ಕಡೆಗಿದೆ.

“ನೋಡಿ ನೂತ್ರ ಎಳಿ ಹರೀತೈತ್ರಿ” ಎನ್ನುತ್ತಾರೆ. “ಬೆರಳಿಗಿ ಬಿಟ್ಟ ಬಿಡಬೇಕು. ಅವಕ್ಕ ಗೊತ್ತಿರ್ತೈತಿ.”

ಸಾವಿತ್ರವ್ವನಿಗೆ ಈಗ ಐವತ್ತೊಂಬತ್ತು. ಹುಟ್ಟಿದ್ದು ಕೌಜಲಗಿಯ ಕುರಿಗಾರರ ಮನೆಯಲ್ಲಿ. ಒಂಬತ್ತನೆಯ ವರ್ಷಕ್ಕೆ ತಾಯಿಯ ಪಕ್ಕದಲ್ಲಿ ರಾಟಿ ಹಿಡಿದವರು, ಹದಿನೇಳಕ್ಕೆ ಶಿದ್ರಾಮ ಅವರನ್ನು ಮದುವೆಯಾಗಿ ಮಸಗುಪ್ಪಿಗೆ ಬಂದರು. ಬರುವಾಗ ತವರಿನಿಂದ ತಂದ ರಾಟಿಯೇ ಇದು. ಚಕ್ರ ಎರಡು ಸಲ ಬದಲಾಗಿದೆ, ಕದರು ಎಷ್ಟು ಸಲ ಬದಲಾಯಿತೆಂಬ ಲೆಕ್ಕ ಅವರಿಗೂ ಇಲ್ಲ. ದಿನಕ್ಕೆ ಕಾಲು ಕಿಲೋ ನೂಲು. ಒಂದು ಕಂಬಳಿಗೆ ಎರಡೂಕಾಲು ಕಿಲೋ ಬೇಕು. ಅಂದರೆ ಒಂಬತ್ತು ದಿನ ನೂತರೆ ಒಬ್ಬ ಮನುಷ್ಯ ಹೊದೆಯುವಷ್ಟಾಗುತ್ತದೆ. ಅವರು ಬಂದ ಕಾಲಕ್ಕೆ ಈ ಓಣಿಯಲ್ಲಿ ಹದಿನಾಲ್ಕು ರಾಟಿಗಳಿದ್ದವು. ಈಗ ಸದ್ದು ಮಾಡುವುದು ಇದೊಂದೇ.

ಹುಕ್ಕೇರಿ ಕಡೆಯ ನೇಕಾರ ಭೀಮಶಿ ಹದಿನೈದು ದಿನಕ್ಕೊಮ್ಮೆ ಮೋಟರ್‌ಸೈಕಲ್ ಮೇಲೆ ಬರುತ್ತಾರೆ. ಹಸಿ ಉಣ್ಣೆಯ ಗಂಟು ಇಳಿಸಿ, ನೂಲಿನ ಉಂಡೆಗಳನ್ನು ಕಟ್ಟಿಕೊಂಡು ಹೋಗುತ್ತಾರೆ. “ಹತ್ತು ಮಂದಿ ನೂಲು ಒಂದ ಬುಟ್ಟ್ಯಾಗ ಹಾಕ್ರಿ, ಕಣ್ಣು ಮುಚ್ಚಿ ಸಾವಿತ್ರವ್ವಂದು ಯಾವುದು ಅಂತ ತಗದ ಕೊಡ್ತೀನಿ. ಎಲ್ಲೂ ಗಂಟಿಲ್ಲ, ಎಲ್ಲೂ ಸಣ್ಣಾಗಿಲ್ಲ” ಎಂದು ಅವರು ಹೇಳುತ್ತಾರೆ. ಕಂಬಳಿ ಕೊಳ್ಳುವವರಿಗೆ ನೇಯ್ದವರ ಹೆಸರು ಗೊತ್ತಿರುತ್ತದೆ. ನೂತವರ ಹೆಸರನ್ನು ಯಾರೂ ಕೇಳುವುದಿಲ್ಲ.

ಉಣ್ಣೆಯ ಧೂಳಿನಿಂದ ಹತ್ತಿದ ಕೆಮ್ಮು ಚಳಿಗಾಲದಲ್ಲಿ ಜೋರಾಗುತ್ತದೆ. ಎಡಮೊಳಕಾಲು ಮಡಚಲು ಬಾರದೆ ಆರು ವರ್ಷವಾಯಿತು. ಒಂದು ವರ್ಷ ಕುರಿಗಳಿಗೆ ನಾಲಿಗೆ ನೀಲಿಯಾಗುವ ರೋಗ ಬಂದು, ಹದಿನೈದೇ ದಿನದಲ್ಲಿ ಅರ್ಧ ಹಿಂಡು ಹೋಯಿತು. ಇವನ್ನೆಲ್ಲ ಅವರು ರಾಟಿ ನಿಲ್ಲಿಸದೆ, ಪಕ್ಕದ ಮನೆಯವರ ಸುದ್ದಿ ಹೇಳಿದಂತೆ ಹೇಳುತ್ತಾರೆ. ರಾಟಿ ನಿಲ್ಲುವುದು ಒಂದೇ ಒಂದು ಮಾತಿಗೆ. ಕರಿ ಉಣ್ಣೆಯ ಆ ಶಾಲಿನ ಮಾತು ಬಂದಾಗ.

ಅದು ಶುರುವಾದದ್ದು ಎಂಟು ವರ್ಷದ ಹಿಂದೆ, ಮಾಘದಲ್ಲಿ, ಗೋಕಾಕದ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ.

ಮಗ ಯಲ್ಲಾಲಿಂಗನ ಹೆಂಡತಿ ವಿದ್ಯಾಗೆ ಏಳನೆಯ ತಿಂಗಳಲ್ಲೇ ನೋವು ಕಾಣಿಸಿಕೊಂಡಿತು. ಅವಳಿ ಮಕ್ಕಳು ಹುಟ್ಟಿದವು. ಹೆಣ್ಣು ಒಂದು ಕಿಲೋ ನೂರು ಗ್ರಾಂ, ಗಂಡು ಒಂಬೈನೂರು ಗ್ರಾಂ. ಎರಡನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮನೆಯವರು ಒಳಗೆ ಹೋಗುವಂತಿರಲಿಲ್ಲ. ಸಾವಿತ್ರವ್ವ ಮೆಟ್ಟಿಲ ಮೇಲೆ ಕೂತರು. ಸುಮ್ಮನೆ ಕೂತು ಗೊತ್ತಿಲ್ಲದ ಕೈ. ಚೀಲದಲ್ಲಿ ಸಣ್ಣ ಕೈಗದರು ಇತ್ತು, ಮನೆಯ ಕರಿ ಕುರಿಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಇತ್ತು. ಹುಟ್ಟಿದ ಕೂಸಿನ ಕೈಗೆ ದೃಷ್ಟಿಯಾಗದಂತೆ ಕಟ್ಟುವ ಕರಿದಾರ ಅದರದೇ ಆಗಬೇಕು. ಎರಡು ಕೂಸಿಗೆ ಎಷ್ಟು ಮಹಾ ದಾರ ಬೇಕು? ಆದರೂ ಅವರು ನೂಲುತ್ತಲೇ ಹೋದರು, ಉಂಡೆ ಮುಷ್ಟಿಗಿಂತ ದೊಡ್ಡದಾಯಿತು.

ಅದೇ ಮೆಟ್ಟಿಲ ಮೇಲೆ ಅನ್ನಪೂರ್ಣಾ ಕೂತಿದ್ದರು. ಗೋಕಾಕ ಫಾಲ್ಸಿನವರು, ಗಿರಣಿ ಕಾರ್ಮಿಕನ ಮಗಳು, ಮೂವತ್ತು ವರ್ಷ ಬಾಲವಾಡಿಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮಗಳೂ ಹೆರಿಗೆಗೆ ಬಂದಿದ್ದಳು. ಅವರು ಬಿಳಿ ನೂಲಿನಲ್ಲಿ ಹುಟ್ಟಲಿರುವ ಮೊಮ್ಮಗುವಿಗೆ ಕುಂಚಿಗೆ ಹೆಣೆಯುತ್ತಿದ್ದರು. ತುಂಬ ಎಲೆಗಳ ಚಿತ್ತಾರ, ಎಲೆಗಳ ಸುತ್ತ ಜಾಳುಜಾಳಾಗಿ ತೂತು. ಸಾವಿತ್ರವ್ವ ಎರಡು ದಿನ ನೋಡಿದರು. ಮೂರನೆಯ ದಿನ ತಡೆಯಲಾಗದೆ, ಕಲಿಸುವ ಹೆಂಗಸರನ್ನು ಈ ಕಡೆ ಕರೆಯುವಂತೆ ‘ಬಾಯಾರ’ ಎಂದು ಕರೆದು ಕೇಳಿದರು.

“ಬಾಯಾರ, ಈ ತೂತು ತಪ್ಪಿ ಬಿದ್ದಾವೋ, ನೀವ ಬಿಟ್ಟೀರೋ?”

“ನಾನ ಬಿಟ್ಟೇನ್ರಿ. ತೂತು ಇದ್ರನ ಎಲಿ ಕಾಣತಾವು.”

“ನಮ್ಮ ಕಂಬಳ್ಯಾಗ ಒಂದ ತೂತು ಬಿದ್ರ ನೇಕಾರ ಹೊಳ್ಳಿ ಒಗೀತಾನ್ರಿ” ಎಂದು ಸಾವಿತ್ರವ್ವ ಬೆರಗಾದರು. ಬೇಕೆಂದೇ ತೂತು ಬಿಟ್ಟು, ಅದನ್ನೇ ಚಂದ ಮಾಡುವ ಕಸುಬೊಂದು ಇದೆಯೆಂದು ಅವರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಗಂಡುಕೂಸು ತೀರಿಕೊಂಡಿತು. ಶಿದ್ರಾಮ ಮತ್ತು ಯಲ್ಲಾಲಿಂಗ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಸಗುಪ್ಪಿಗೆ ಹೋದರು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ವಿದ್ಯಾ ಏಳುವ ಸ್ಥಿತಿಯಲ್ಲಿರಲಿಲ್ಲ. ಸಾವಿತ್ರವ್ವ ಸೊಸೆಯ ಹತ್ತಿರ ಉಳಿದರು. ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದ ಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮಡಿಲಲ್ಲಿ ಆ ಕರಿ ಉಂಡೆ. ಅದರಿಂದ ಒಂದು ಗೇಣು ಮಾತ್ರ ಹರಿದು ಹೆಣ್ಣುಕೂಸಿನ ಕೈಗೆ ಕಟ್ಟಲು ಕೊಟ್ಟಿದ್ದರು.

ಆ ಮಧ್ಯಾಹ್ನವನ್ನು ಅನ್ನಪೂರ್ಣಾ ಮರೆತಿಲ್ಲ. “ಏನ ಹೇಳೂದು? ಮಕ್ಕಳಿಗಿ ಮೂವತ್ತು ವರ್ಷ ಮಾತು ಕಲಿಸೀನಿ, ನನಗ ಒಂದ ಮಾತು ಸಿಗಲಿಲ್ಲ. ನನ್ನ ಚೀಲದಾಗ ಇನ್ನೊಂದ ಜೋಡಿ ಕಡ್ಡಿ ಇದ್ದೂ. ಅಕಿ ಕೈಯಾಗ ಇಟ್ಟೆ. ಕುಣಿಕಿ ಹೆಂಗ ಹಾಕೂದು ಅಂತ ತೋರಿಸಿದೆ. ಅಷ್ಟಽ.”

ಹೆಣಿಗೆಯ ಮೊದಲ ಕೆಲಸ ಕಡ್ಡಿಯ ಮೇಲೆ ಕುಣಿಕೆಗಳನ್ನು ಏರಿಸುವುದು. ಎಷ್ಟು ಕುಣಿಕೆ ಏರಿಸುತ್ತೀರೋ ಅಷ್ಟು ಅಗಲದ ಬಟ್ಟೆ. ಕಲಿಯುವವರು ಇಪ್ಪತ್ತರಲ್ಲಿ ನಿಲ್ಲಿಸುತ್ತಾರೆ. ಸಾವಿತ್ರವ್ವ ನಿಲ್ಲಿಸಲಿಲ್ಲ. ಒಂದರ ಪಕ್ಕ ಒಂದು ಏರಿಸುತ್ತಲೇ ಇದ್ದರು. ಅನ್ನಪೂರ್ಣಾ ತಡೆಯಲಿಲ್ಲ. ಕಡ್ಡಿ ತುಂಬಿ ಇನ್ನು ಜಾಗವಿಲ್ಲ ಎನ್ನುವಾಗ ಎಣಿಸಿದರೆ ನೂರಾ ಅರವತ್ನಾಲ್ಕು.

ಆಸ್ಪತ್ರೆಯಲ್ಲಿ ಒಟ್ಟು ಇಪ್ಪತ್ತಾರು ದಿನ. ಅಷ್ಟರಲ್ಲಿ ನಾಲ್ಕು ಬೆರಳಿನಷ್ಟು ಉದ್ದವಾಯಿತು. ತುಂಬ ತಪ್ಪು. ಬೇಡದಲ್ಲಿ ತೂತು, ಬೇಕಾದಲ್ಲಿ ಗಂಟು. ಎಲೆಯೆಂದು ಹೆಣೆದದ್ದು ಯಾವ ಗಿಡದ ಎಲೆಯಂತೆಯೂ ಕಾಣುತ್ತಿರಲಿಲ್ಲ. ಕೈ ಪಳಗಿದ ಮೇಲೆ, ಅದನ್ನು ಬಿಚ್ಚಿ ಹೊಸದಾಗಿ ಶುರುಮಾಡಿ ಎಂದು ಅನ್ನಪೂರ್ಣಾ ಒಮ್ಮೆ ಹೇಳಿದ್ದುಂಟು. ಸಾವಿತ್ರವ್ವ ಬೇಡವೆಂದು ತಲೆಯಾಡಿಸಿದರು. ಅನ್ನಪೂರ್ಣಾ ಮತ್ತೆ ಹೇಳಲಿಲ್ಲ.

ಹೆಣ್ಣುಕೂಸು ಬದುಕಿತು. ಕಾಜಲ್ ಎಂದು ಹೆಸರಿಟ್ಟರು. ತೊಟ್ಟಿಲ ದಿನ ಹೋಳಿಗೆ ಆಯಿತು, ಬಂಧುಗಳು ಬಂದರು. ಇನ್ನೊಂದು ಕೂಸಿನ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಎತ್ತಿದರೆ ಸೊಸೆಗೆ ನೋವಾದೀತು, ಸೊಸೆ ಎತ್ತಿದರೆ ಅತ್ತೆಗೆ ನೋವಾದೀತು. ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಒಂದೇ ಒಲೆಯ ಮುಂದೆ ಎಂಟು ವರ್ಷ ಕಳೆದರು.

ಶಾಲು ಬೆಳೆಯುತ್ತಿತ್ತು. ಬೆಳಗಿನ ಹೊತ್ತು ಭೀಮಶಿಯ ನೂಲಿಗೆ ಮೀಸಲು. ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಸಂಜೆ ರೊಟ್ಟಿಗೆ ಕೂರುವವರೆಗಿನ ಹೊತ್ತು ಶಾಲಿಗೆ. ಒಂದು ಸಾಲಿಗೆ ಅರ್ಧ ತಾಸು ಬೇಕು. ಕಡ್ಡಿಗಳನ್ನು ಅನ್ನಪೂರ್ಣಾಗೆ ಮರಳಿಸಿ, ಸೈಕಲ್ಲಿನ ಎರಡು ಕಡ್ಡಿಗಳನ್ನು ತಾವೇ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಿದ್ದರು. ಓದು ಬರಹ ಬಾರದು. ಹಾಗಾಗಿ ಲೆಕ್ಕವೆಲ್ಲ ಬಾಯಲ್ಲೇ. “ಎರಡು ಕೂಡು, ದಾರ ಸುತ್ತು, ಒಂದು ದಾಟು” ಎಂದು ಗುನುಗುತ್ತ ಹೆಣೆಯುತ್ತಿದ್ದರೆ, ಓಣಿಯ ಹೆಂಗಸರು ಮಾತಾಡಿಸದೆ ಮುಂದೆ ಹೋಗುತ್ತಿದ್ದರು. ಎಣಿಕೆ ತಪ್ಪಿದರೆ ಬೈಗುಳ ಗ್ಯಾರಂಟಿ ಎಂದು ಎಲ್ಲರಿಗೂ ಗೊತ್ತಿತ್ತು.

ಕೈಗೆ ಧೈರ್ಯ ಬಂದ ಮೇಲೆ ಎಲೆಗಳನ್ನು ಬಿಟ್ಟು ತಮ್ಮದೇ ಚಿತ್ತಾರ ಕಟ್ಟಿದರು. ಕೆಸರಿನಲ್ಲಿ ಮೂಡುವ ಕುರಿಯ ಗೊರಸಿನ ಗುರುತು ಒಂದು ಪಟ್ಟಿ. ಅದರಾಚೆ ಮೇಲಿನಿಂದ ಕೆಳಕ್ಕೆ ಧುಮುಕುವ ನೀರು. ಗೋಕಾಕ ಫಾಲ್ಸಿಗೆ ಅನ್ನಪೂರ್ಣಾರನ್ನು ಕಾಣಲು ಹೋದಾಗಲೆಲ್ಲ ಮಳೆಗಾಲದ ಕೆಂಪು ನೀರನ್ನು ನಿಂತು ನೋಡುತ್ತಿದ್ದರು. ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತಿದ್ದರು. ಗಿರಣಿ ಕಾಲೊನಿಯ ಆ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಚಹಾ ಕುಡಿದು, ಶಾಲನ್ನು ಮಂಚದ ಮೇಲೆ ಹರಡಿ, ಎಲ್ಲಿ ಏನಾಗಿದೆ ಎಂದು ನೋಡುತ್ತಿದ್ದರು. ಐದನೆಯ ವರ್ಷದ ಹೊತ್ತಿಗೆ ಅನ್ನಪೂರ್ಣಾರ ಕಣ್ಣು ಮಂಜಾದವು. ಆಮೇಲೆ ಅವರು ಬೆರಳಿನಿಂದ ಮುಟ್ಟಿ ಮುಟ್ಟಿ ಹೇಳಲು ಶುರುಮಾಡಿದರು.

ತಡವಾಗಲು ಇನ್ನೊಂದು ಕಾರಣವಿತ್ತು. ಈ ಶಾಲಿಗೆ ಬೇಕಾದದ್ದು ಮರಿಗಳ ಮೊದಲ ಉಣ್ಣೆ, ಅದೂ ಕರಿಯದು. ಸುತ್ತಲಿನ ಹಿಂಡುಗಳಲ್ಲಿ ಕರಿ ಉಣ್ಣೆಯ ಕುರಿಗಳು ಕಡಿಮೆಯಾಗುತ್ತ ಬಂದು, ಅವುಗಳ ಜಾಗಕ್ಕೆ ಉಣ್ಣೆಯೇ ಇಲ್ಲದ, ಮಾಂಸ ಹೆಚ್ಚು ಬರುವ ಎತ್ತರದ ಕೆಂಚು ಕುರಿಗಳು ಬಂದಿವೆ. ಯಲ್ಲಾಲಿಂಗನೂ ಹಿಂಡನ್ನು ಬದಲಿಸಿದ. ಶಿದ್ರಾಮ ಮಾತ್ರ ಮೂರು ಕರಿ ಕುರಿಗಳನ್ನು ಮಾರಲು ಬಿಡಲಿಲ್ಲ. ಯಾಕೆಂದು ಮಗ ಕೇಳಿದಾಗ, “ನಿಮ್ಮವ್ವನ ಕೆಲಸ ಮುಗೀಲಿ” ಎಂದರು. ಮೂರು ಎರಡಾಯಿತು, ಎರಡು ಒಂದಾಯಿತು. ಹೋದ ಶ್ರಾವಣದಲ್ಲಿ ಆ ಒಂದೂ ಮುಪ್ಪಿಗೆ ಸತ್ತಿತು. ಅದರ ಕಡೆಯ ಮರಿಯ ಉಣ್ಣೆಯಿಂದ ನೂತ ಒಂದೇ ಉಂಡೆ ಸಾವಿತ್ರವ್ವನ ಹತ್ತಿರ ಉಳಿದಿತ್ತು. ಶಾಲಿಗೆ ಉಳಿದದ್ದೂ ಕಡೆಯ ಅಂಚು ಮಾತ್ರ. ಒಂದು ಗೇಣು. ದೀಪಾವಳಿಯೊಳಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕಾರ್ತಿಕ ಹೋಯಿತು, ಮಾರ್ಗಶಿರ ಹೋಯಿತು. ಶಾಲು ಇದ್ದಲ್ಲೇ ಇತ್ತು. ಒಂದು ಮಧ್ಯಾಹ್ನ ಹೊಲದಿಂದ ಬೇಗ ಬಂದ ಶಿದ್ರಾಮ ಬಾಗಿಲಲ್ಲಿ ನಿಂತು ನೋಡಿದರು. ಹೆಂಡತಿ ಹೆಣೆದ ಸಾಲುಗಳನ್ನು ಒಂದೊಂದಾಗಿ ಎಳೆದು ಬಿಚ್ಚುತ್ತಿದ್ದಾಳೆ. ನೂಲು ಉಂಡೆಗೆ ಮರಳುತ್ತಿದೆ.

“ತಪ್ಪಾಗಿತ್ತೇನ?”

“ಹೂಂ ರಿ.”

“ಎಷ್ಟ ಸಾಲು?”

“ಹತ್ತು.”

“ಹೋದ ವಾರನೂ ಹತ್ತು ಬಿಚ್ಚಿದ್ದಿ” ಎಂದರು ಶಿದ್ರಾಮ. ಆಮೇಲೆ ಒಳಗೆ ಹೋಗಿ ತಾವೇ ನೀರು ತುಂಬಿಕೊಂಡು ಕುಡಿದರು.

ಅದನ್ನು ಹೇಳುವಾಗ ಸಾವಿತ್ರವ್ವ ತಲೆ ತಗ್ಗಿಸುತ್ತಾರೆ. “ತಪ್ಪಽ ಇರಲಿಲ್ರಿ. ಎಲ್ಲಾ ಸರಿ ಇತ್ತು. ಕಡೀ ಸಾಲು ಬಂದ ಕೂಡ್ಲೆ ಕೈ ಒಲ್ಲೆ ಅಂತಿತ್ತು. ಇದು ಮುಗದ್ರ ಮುಂದ ಮಧ್ಯಾಹ್ನ ಏನ ಮಾಡ್ಲಿ ಅನಿಸ್ತಿತ್ತು. ಅಷ್ಟಽ ಅಲ್ರಿ, ಇನ್ನೊಂದ ಇತ್ತು. ಅಂವ ಹೋದ ದಿನಾ ಇದು ಹುಟ್ಟೈತಿ. ಇದು ಬೆಳಿಯೂತನಾ ಅಂವನೂ ಎಲ್ಲೋ ಬೆಳ್ಯಾಕತ್ತಾನ ಅಂತ ನಾ ತಿಳ್ಕೊಂಡಿದ್ದೆ. ಹುಚ್ಚು ನೋಡ್ರಿ. ಮುಗಿಸಿದ್ರ ಅಂವನೂ ಮುಗದಂಗ.”

ಪುಷ್ಯದಲ್ಲಿ ಅವರು ಗೋಕಾಕ ಫಾಲ್ಸಿಗೆ ಹೋದರು. ಅನ್ನಪೂರ್ಣಾ ಎಂದಿನಂತೆ ಶಾಲನ್ನು ಮಡಿಲಿಗೆ ಎಳೆದುಕೊಂಡು ಬೆರಳಾಡಿಸಿದರು. ಗೊರಸಿನ ಪಟ್ಟಿ, ನೀರಿನ ಪಟ್ಟಿ ದಾಟಿ ಕಡೆಯ ಅಂಚಿಗೆ ಬಂದಾಗ ಬೆರಳು ನಿಂತವು. ಅಲ್ಲಿನ ನೂಲು ಜೂಲುಜೂಲಾಗಿತ್ತು, ಸವೆದಿತ್ತು.

“ಎಷ್ಟ ಸಲ ಬಿಚ್ಚೀರಿ?”

ಸಾವಿತ್ರವ್ವ ಅಂಚನ್ನು ಅವರ ಬೆರಳ ಕೆಳಗಿನಿಂದ ಮೆಲ್ಲಗೆ ಎಳೆದುಕೊಂಡರು.

“ಈ ಎಳಿ ಇನ್ನೊಂದ ಸಲ ಬಿಚ್ಚಾಕ ತಾಳಂಗಿಲ್ರಿ. ಹರೀತೈತಿ. ಹರದ್ರ ಕೂಡಸಾಕ ನಿಮ್ಮ ಹತ್ರ ಬ್ಯಾರೆ ಉಣ್ಣಿನೂ ಇಲ್ಲ. ಇಲ್ಲೇ ಕುಂತು ಮುಗಿಸ್ರಿ. ನಾ ಬಾಜೂಕ ಇರ್ತೀನಿ.”

ಕಿಟಕಿಯ ಕೆಳಗೆ ಚಾಪೆ ಹಾಸಿ ಇಬ್ಬರೂ ಕೂತರು. ಕಡೆಯ ಸಾಲಿನಲ್ಲಿ ಒಂದೊಂದೇ ಕುಣಿಕೆಯನ್ನು ಇನ್ನೊಂದರ ಮೇಲಿಂದ ದಾಟಿಸಿ ಕಡ್ಡಿಯಿಂದ ಇಳಿಸುತ್ತ ಹೋಗಬೇಕು. ಇಳಿಸಿದ್ದು ಮತ್ತೆ ಏರುವುದಿಲ್ಲ. ನೂರಾ ಅರವತ್ನಾಲ್ಕು ನೂರಾಯಿತು, ಐವತ್ತಾಯಿತು, ಹತ್ತಾಯಿತು. ಹೊರಗೆ ಪಾಳಿ ಬಿಟ್ಟ ಗಿರಣಿಯ ಜನ ಮಾತಾಡುತ್ತ ಹಾದುಹೋದರು. ಕಡೆಯ ಕುಣಿಕೆ ಉಳಿದಾಗ ಸಾವಿತ್ರವ್ವ ಒಂದು ಕ್ಷಣ ಕೈ ತಡೆದರು. ಆಮೇಲೆ ನೂಲು ಹರಿದು, ತುದಿಯನ್ನು ಕುಣಿಕೆಯೊಳಗಿಂದ ಎಳೆದು ಬಿಗಿದರು. ಎರಡೂ ಕಡ್ಡಿ ಬರಿದಾಗಿದ್ದವು. ಅನ್ನಪೂರ್ಣಾ ಅವರ ಮೊಣಕೈ ಹಿಡಿದುಕೊಂಡು ಕೂತಿದ್ದರು.

“ಮುಗೀತಲ್ಲ, ಸಂತೋಷ ಆಗಬೇಕು ಅಂತಾರ ಎಲ್ಲಾರೂ. ಸಂತೋಷ ಆಗಿದ್ದು ಖರೆ. ಎದಿಯಾಗ ಕಲ್ಲು ಇಟ್ಟಂಗ ಆಗಿದ್ದೂ ಖರೆ. ಎರಡೂ ಕೂಡೇ ಬಂದ್ರ ಅಳಬೇಕೋ ನಗಬೇಕೋ ತಿಳೀಲಿಲ್ರಿ” ಎನ್ನುತ್ತಾರೆ ಸಾವಿತ್ರವ್ವ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆಯೇ ಎಂದು ಯಾರೋ ಕೇಳಿದ್ದರಂತೆ. ಅವರು ಒಪ್ಪಲಿಲ್ಲ. “ಹಂಗಲ್ಲ. ಮಗಳು ಪಂಚಮಿಗಿ ತಿರಿಗಿ ಬರ್ತಾಳ. ಈ ಎಂಟು ವರ್ಷ ಬರಂಗಿಲ್ಲ.”

ಮರಳುವ ಬಸ್ಸಿನಲ್ಲಿ ಶಾಲು ಅವರ ಮಡಿಲಲ್ಲಿ ಮುದ್ದೆಯಾಗಿ ಬಿದ್ದಿತ್ತು. ಜಾಳು ಹೆಣಿಗೆ ಕಡ್ಡಿಯಿಂದ ಇಳಿದಾಗ ಹಾಗೆಯೇ ಇರುತ್ತದೆ, ಸುಕ್ಕುಸುಕ್ಕಾಗಿ, ಯಾವ ಚಿತ್ತಾರವೂ ಕಾಣದಂತೆ. ಪಕ್ಕದಲ್ಲಿ ಕೂತ ಹೆಂಗಸು ಇಣುಕಿ ನೋಡಿ, “ಏನ್ರಿ ಯವ್ವಾ, ಮೀನದ ಬಲೀ ಏನು?” ಎಂದು ಕೇಳಿದಳು. “ಹೂಂ ನೋಡವ್ವ” ಎಂದರು ಸಾವಿತ್ರವ್ವ.

ಹೆಣಿಗೆಯನ್ನು ನೆನೆಸಿ, ಹಿಂಡಿ, ನಾಲ್ಕೂ ಕಡೆ ಜಗ್ಗಿ ಒಣಗಿಸಿದರೆ ಮಾತ್ರ ತೂತುಗಳು ತೆರೆದುಕೊಳ್ಳುತ್ತವೆ ಎಂದು ಅನ್ನಪೂರ್ಣಾ ಹೇಳಿ ಕಳಿಸಿದ್ದರು. ಸಾವಿತ್ರವ್ವ ಹನ್ನೊಂದು ದಿನ ಅದನ್ನು ಟ್ರಂಕಿನಿಂದ ಹೊರಗೆ ತೆಗೆಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರ ಕೈ ತಾನಾಗಿ ಪಕ್ಕದ ಗೂಡಿನ ಚೀಲಕ್ಕೆ ಹೋಗುತ್ತಿತ್ತು, ಬರಿಗೈಯಾಗಿ ಮರಳುತ್ತಿತ್ತು. ಮಾತು ಕಡಿಮೆಯಾಯಿತು. ರೊಟ್ಟಿ ಅರ್ಧ ತಿಂದು ಏಳುತ್ತಿದ್ದರು. ಇದನ್ನು ವಿದ್ಯಾ ಗಮನಿಸಿದಳು.

ಹನ್ನೆರಡನೆಯ ದಿನ ವಿದ್ಯಾ ತಾನೇ ಅಂಟವಾಳಕಾಯಿ ನೆನೆಸಿದ ನೀರಿನ ಬೋಗುಣಿಯನ್ನು ಅತ್ತೆಯ ಮುಂದೆ ತಂದಿಟ್ಟಳು. “ಅತ್ತೀ, ತಗೀರಿ ಅದನ್ನ. ಇವತ್ತ ಬಿಸಲು ಚೊಲೋ ಐತಿ.”

ಇಬ್ಬರೂ ಸೇರಿ ಶಾಲನ್ನು ನೊರೆ ನೀರಿನಲ್ಲಿ ಅದ್ದಿದರು. ಮಾಳಿಗೆಯ ಮೇಲೆ ದೊಡ್ಡ ಕಂಬಳಿ ಹಾಸಿ ಅದರ ಮೇಲೆ ಒದ್ದೆ ಶಾಲು ಹರಡಿದರು. ಜಗ್ಗಿ ಹಿಡಿಯಲು ಗುಂಡುಸೂಜಿ ಎಲ್ಲಿಂದ ತರುವುದು? ಬೇಲಿಯ ಜಾಲಿಯಿಂದ ಒಂದು ಮೊರದ ತುಂಬ ಮುಳ್ಳು ಬಿಡಿಸಿ ತಂದರು. ಒಬ್ಬರು ಅಂಚು ಎಳೆದು ಹಿಡಿಯುವುದು, ಇನ್ನೊಬ್ಬರು ಮುಳ್ಳು ಚುಚ್ಚಿ ಕೆಳಗಿನ ಕಂಬಳಿಗೆ ಬಿಗಿಯುವುದು. ಹೀಗೆ ಸೊಸೆ ಮಂಡಿಯೂರಿ, ಅತ್ತೆ ಎಡಗಾಲು ಚಾಚಿಕೊಂಡು, ಸರಿಯುತ್ತ ಸರಿಯುತ್ತ, ಎರಡು ತಾಸು ಹಿಡಿಯಿತು.

ಎಳೆದಂತೆಲ್ಲ ಶಾಲು ಬೆಳೆಯಿತು. ಮೂರು ಮೊಳವಿದ್ದದ್ದು ಐದು ಮೊಳವಾಯಿತು. ಗೊರಸಿನ ಗುರುತುಗಳು ಸಾಲಾಗಿ ಎದ್ದವು. ನೀರು ಮೇಲಿನಿಂದ ಕೆಳಕ್ಕೆ ಸುರಿಯತೊಡಗಿತು. ಎಂಟು ವರ್ಷ ಸುಕ್ಕುಸುಕ್ಕಾಗಿಯೇ ನೋಡಿದ್ದ ತಮ್ಮ ಕೆಲಸವನ್ನು ಸಾವಿತ್ರವ್ವ ಅಂದು ಮೊದಲ ಸಲ ಬಿಡಿಸಿ ನೋಡಿದರು. “ನಾ ಮಾಡಿದ್ದು ಅನಿಸಲಿಲ್ರಿ. ಯಾರೋ ದೊಡ್ಡವರು ಮಾಡಿಟ್ಟಂಗ ಇತ್ತು” ಎನ್ನುತ್ತಾರೆ.

ವಿದ್ಯಾ ಮುಳ್ಳು ಚುಚ್ಚುತ್ತ ಇನ್ನೊಂದು ತುದಿಗೆ ತಲುಪಿದ್ದಳು. ಶುರುವಿನ ಆ ನಾಲ್ಕು ಬೆರಳು ಅಗಲದ ಪಟ್ಟಿ. ಅಲ್ಲಿ ಎಷ್ಟು ಜಗ್ಗಿದರೂ ಚಿತ್ತಾರ ಮೂಡಲಿಲ್ಲ. ತೂತುಗಳು ದಿಕ್ಕಾಪಾಲಾಗಿ ಬಾಯಿ ತೆರೆದುಕೊಂಡವು.

“ಅತ್ತೀ, ಇಲ್ಲೇನ್ರಿ ಇಷ್ಟ ತಪ್ಪು? ಬಿಚ್ಚಿ ಸರಿ ಮಾಡಲಿಲ್ಲೇನ?”

“ಅದು ಆಸ್ಪತ್ರ್ಯಾಗಿಂದು, ಯವ್ವಾ” ಎಂದರು ಸಾವಿತ್ರವ್ವ. “ಆವತ್ತಿಂದು.”

ವಿದ್ಯಾಳ ಕೈಯಲ್ಲಿದ್ದ ಮುಳ್ಳು ಹಾಗೇ ಉಳಿಯಿತು. ಅವಳು ಆ ಪಟ್ಟಿಯ ಮೇಲೆ ಅಂಗೈ ಇಟ್ಟಳು, ಒದ್ದೆ ಉಣ್ಣೆಯ ಮೇಲೆ. ಆಮೇಲೆ ಅತ್ತೆಯ ಮುಖ ನೋಡದೆಯೇ ಹೇಳಿದಳು.

“ನಾ ಅವಂಗ ಹನಮಂತ ಅಂತ ಹೆಸರ ಇಟ್ಟಿದ್ನಿ. ಮನಸಿನ್ಯಾಗಽ. ಯಾರ ಮುಂದೂ ಹೇಳಿಲ್ರಿ.”

ಎಂಟು ವರ್ಷದಲ್ಲಿ ಸಾವಿತ್ರವ್ವ ಮೊಮ್ಮಗನ ಹೆಸರು ಕೇಳಿದ್ದು ಅದೇ ಮೊದಲು. ಅವರು ನೋಯುವ ಕಾಲನ್ನು ಎಳೆದುಕೊಂಡು ಶಾಲಿನ ಅಂಚಿನಗುಂಟ ಸರಿದು ಸೊಸೆಯ ಹತ್ತಿರ ಬಂದರು. “ಹನಮಂತ” ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಕೆಳಗೆ ಅಂಗಳದಲ್ಲಿದ್ದ ಶಿದ್ರಾಮ ಮಾಳಿಗೆಯ ಮೇಲಿಂದ ಅಳುವ ಸದ್ದು ಕೇಳಿ ಏಣಿಯ ಬುಡಕ್ಕೆ ಬಂದರು, ಮೇಲೆ ಹತ್ತಲಿಲ್ಲ. “ಹೆಣ್ಮಕ್ಕಳು ಅಳಬೇಕಾಗಿದ್ದು ಬಾಕಿ ಇತ್ರಿ. ಅತ್ತರು. ನಾ ಹೋಗಿ ಏನ ಮಾಡ್ಲಿ” ಎನ್ನುತ್ತಾರೆ ಅವರು.

ಸಂಜೆ ಮುಳ್ಳುಗಳನ್ನು ಕಿತ್ತಾಗ ಶಾಲು ಎದ್ದು ಬಂತು. ತೂಗಿದರೆ ಅರ್ಧ ಕಿಲೋಕ್ಕೂ ಕಡಿಮೆ. ಸಾವಿತ್ರವ್ವ ಅದನ್ನು ಮಡಚಿ ವಿದ್ಯಾಳ ಕೈಗೆ ಕೊಟ್ಟರು. ಟ್ರಂಕಿನಲ್ಲಿಟ್ಟು ಹುಳಕ್ಕೆ ತಿನ್ನಿಸಬೇಡ, ಹೊದ್ದುಕೋ ಎಂದರು. ಈಗ ಚಳಿಯ ಬೆಳಗಿನಲ್ಲಿ ವಿದ್ಯಾ ಅದನ್ನು ಹೊದ್ದೇ ಕಾಜಲ್‌ಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ. ದಾರಿಯಲ್ಲಿ ಹೆಂಗಸರು ನಿಲ್ಲಿಸಿ ಮುಟ್ಟಿ ನೋಡುತ್ತಾರೆ.

ಹೋದ ತಿಂಗಳು ಕರಕುಶಲ ವಸ್ತುಗಳ ಪ್ರದರ್ಶನ ನಡೆಸುವವರು ಇಬ್ಬರು ಮೂಡಲಗಿಯಿಂದ ಬಂದಿದ್ದರು. ಭೀಮಶಿಯ ಬಾಯಲ್ಲಿ ಸುದ್ದಿ ಕೇಳಿದ್ದರು. ಶಾಲು ನೋಡಿ ಬೆರಗಾದರು, ಫೋಟೋ ತೆಗೆದುಕೊಂಡರು. ಹದಿನೈದು ದಿನಕ್ಕೆ ಕೊಡಿ, ಗಾಜಿನೊಳಗೆ ಇಡುತ್ತೇವೆ, ಆದರೆ ಶುರುವಿನ ಆ ಅಂಚು ಚೆನ್ನಾಗಿ ಬಂದಿಲ್ಲವಾದ್ದರಿಂದ ಅದನ್ನು ಒಳಗೆ ಮಡಚಿಡುತ್ತೇವೆ ಎಂದರು. ಉತ್ತರ ಕೊಟ್ಟವಳು ವಿದ್ಯಾ. “ಮಡಚಿ ಇಡೂದಾದ್ರ ಕೊಡಂಗಿಲ್ರಿ. ಇಟ್ರ ಪೂರಾ ಇಡ್ರಿ.” ಅವರು ಆಲೋಚಿಸಿ ತಿಳಿಸುತ್ತೇವೆಂದು ಹೋದವರು ಇನ್ನೂ ತಿಳಿಸಿಲ್ಲ.

ಅನ್ನಪೂರ್ಣಾರಲ್ಲಿಗೆ ಸಾವಿತ್ರವ್ವ ಮತ್ತೆ ಹೋಗಿದ್ದಾರೆ, ಈ ಸಲ ಕೈಯಲ್ಲಿ ಕೆಲಸವಿಲ್ಲದೆ. ಮೊದಲ ಅರ್ಧ ತಾಸು ಇಬ್ಬರಿಗೂ ಏನು ಮಾಡಬೇಕೆಂದೇ ತಿಳಿಯಲಿಲ್ಲವಂತೆ. ಆಮೇಲೆ ಮಾತು ತಾನಾಗಿ ಬಂತು, ಮರಳುವ ಬಸ್ಸು ತಪ್ಪುವಷ್ಟು. ಅನ್ನಪೂರ್ಣಾರನ್ನು ಹುಕ್ಕೇರಿಯಲ್ಲಿರುವ ಅವರ ಮಗಳು ಕಣ್ಣಿನ ಆಪರೇಷನ್ ಮಾಡಿಸಲು ಕರೆಯುತ್ತಿದ್ದಾಳೆ, ಆದರೆ ಅವರಿಗೆ ಧೈರ್ಯವಿಲ್ಲ. ಜೊತೆಗೆ ತಾನು ಬರುತ್ತೇನೆ ಎಂದು ಸಾವಿತ್ರವ್ವ ಮಾತು ಕೊಟ್ಟಿದ್ದಾರೆ.

ಹೊತ್ತು ಏರುತ್ತಿದೆ. ಪಡಸಾಲೆಯ ಬಲ್ಬು ಆರಿದೆ. ಭೀಮಶಿ ಮೊನ್ನೆ ಇಳಿಸಿದ ಗಂಟಿನಿಂದ ಸಾವಿತ್ರವ್ವ ಒರಟು ಉಣ್ಣೆಯ ಇನ್ನೊಂದು ಹಂಜಿ ತೆಗೆದುಕೊಳ್ಳುತ್ತಾರೆ. ಇಂದಿನ ಕಾಲು ಕಿಲೋದಲ್ಲಿ ಇನ್ನೂ ಅರ್ಧ ಉಳಿದಿದೆ. ಇನ್ನೊಂದು ಶಾಲು ಹೆಣೆಯುತ್ತೀರಾ ಎಂದರೆ ಅವರು ನಗುತ್ತಾರೆ. ಕರಿ ಮರಿಯ ಉಣ್ಣೆ ಈಗ ಎಲ್ಲಿದೆ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ರಾಟಿ ತಿರುಗಿಸಿ, ಮತ್ತೆ ನಿಲ್ಲಿಸಿ, ತಾವಾಗಿಯೇ ಮಾತು ಮುಂದುವರಿಸುತ್ತಾರೆ.

“ಐವತ್ತು ವರ್ಷ ನೂತೀನ್ರಿ. ನೂತದ್ದೆಲ್ಲಾ ಯಾರ್ಯಾರ ಮಗ್ಗಕ್ಕೋ ಹೋತು. ಯಾರ ಹೊಚ್ಕೊಂಡ್ರೋ, ಎಲ್ಲಿ ಹರೀತೋ, ಒಂದೂ ಕಂಡಿಲ್ಲ. ಇದೊಂದು ಹಂಗಲ್ಲ. ಕಲಿಸಿದ್ದು ಬಾಯಾರು ಖರೆ. ಆದ್ರ ಕುರಿ ಮೈಮ್ಯಾಗಿಂದ ತಗದು ನನ್ನ ಸೊಸಿ ಮೈಮ್ಯಾಲ ಹಾಕೂತನಾ ಎಲ್ಲಾ ನನ್ನ ಕೈಲೇ ಆಗೇತಿ.”